ಎಡ್ಡಿಯ ಮಾತು, ಅಂಗಡಿಯ ಜಗಳ

ಶಿರಸಿಯ ಓದುಗರೊಬ್ಬರ ಪತ್ರ: ‘ಬಾರ್ಬರ್‌ಶಾಪ್ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಮನಸಾರೆ ಹೊಗಳಿದ್ದೀರಿ. ಅಮೆರಿಕದ ಮಾಂಟ್‌ಗೊಮೆರಿಯಲ್ಲಿ ಬಿಳಿಯರಿಗೆ ಬಸ್ಸಿನ ಸೀಟು ಬಿಡದೆ ಬಂಧನಕ್ಕೊಳಗಾದ ರೋಸಾ ಪಾರ್ಕ್ಸ್ ಅವರನ್ನು ಹೀಗಳೆಯುವುದು ನಿಮಗೆ ಹಾಸ್ಯವೇ? ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಆಕೆಯ ಕತೆ ಹೇಳಿದವಳು ನಾನು. ನೋವಾಗಿದೆ.’

ಮಾನ್ಯರೇ,

ನಿಮ್ಮ ಪತ್ರ ಓದಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿ ಈ ಉತ್ತರ ಬರೆಯುತ್ತಿದ್ದೇನೆ.

2002ರ ಈ ಚಿತ್ರದ ಕತೆ ಶಿಕಾಗೋದ ಸೌತ್ ಸೈಡ್‌ನಲ್ಲಿ ಒಂದೇ ದಿನದಲ್ಲಿ ನಡೆದು ಮುಗಿಯುತ್ತದೆ. ಅಪ್ಪನಿಂದ ಬಂದ ಕ್ಷೌರದ ಅಂಗಡಿ ಕ್ಯಾಲ್ವಿನ್‌ಗೆ ಹೊರೆಯಾಗಿದೆ. ಬಡ್ಡಿ ವ್ಯವಹಾರದವನೊಬ್ಬನಿಗೆ ಅದನ್ನು ಇಪ್ಪತ್ತು ಸಾವಿರ ಡಾಲರಿಗೆ ಕೊಟ್ಟುಬಿಡುತ್ತಾನೆ. ಕೊಟ್ಟದ್ದೇನು ಎಂಬುದು ಆಮೇಲೆ ಅರಿವಾಗುತ್ತದೆ. ಕದ್ದ ಎಟಿಎಂ ಯಂತ್ರವನ್ನು ಇಬ್ಬರು ಹೊತ್ತು ತಿರುಗುವ ಭಾಗ ನನಗೆ ಈ ಸಲವೂ ರುಚಿಸಲಿಲ್ಲ. ಅಂಗಡಿಯೊಳಗೆ ಬಂದರೆ ಮಾತ್ರ ಚಿತ್ರಕ್ಕೆ ಜೀವ.

ಅಲ್ಲಿ ಎಡ್ಡಿ ಎಂಬ ಹಿರಿಯ ಕ್ಷೌರಿಕನಿದ್ದಾನೆ. ಆ ಪಾತ್ರ ಸೆಡ್ರಿಕ್ ದಿ ಎಂಟರ್‌ಟೇನರ್ ಅವರದು. ಅವನ ಕುರ್ಚಿಗೆ ಗಿರಾಕಿ ಬರುವುದು ಅಪರೂಪ, ಬಾಯಿಗೆ ಬಿಡುವಿಲ್ಲ. ರೋಸಾ ಪಾರ್ಕ್ಸ್ ದಣಿದಿದ್ದರು, ಕೂತರು, ಅವರಿಗಿಂತ ಮೊದಲೂ ಹಾಗೆ ಕೂತವರಿದ್ದರು ಎನ್ನುತ್ತಾನೆ. ಅಂಗಡಿಗೆ ಅಂಗಡಿಯೇ ಅವನ ಮೇಲೆ ಎರಗುತ್ತದೆ. ಇಲ್ಲಿಯೂ ಮನಸ್ಸಿನ ಮಾತು ಆಡಬಾರದೆಂದರೆ ಇನ್ನೆಲ್ಲಿ ಆಡಲಿ ಎಂದು ಅವನ ವಾದ. ಅಮೆರಿಕದ ಕಪ್ಪು ಜನರ ಬಡಾವಣೆಗಳಲ್ಲಿ ಕ್ಷೌರದ ಅಂಗಡಿ ಬಹುಕಾಲದಿಂದ ಇಂಥ ಮಾತಿಗೆ ಮನೆಯಾಗಿದೆ. ಅಂಗಡಿಯ ಯಜಮಾನ ತಮ್ಮವನು, ಗಿರಾಕಿಗಳು ತಮ್ಮವರು, ಆಡಿದ ಮಾತಿಗಾಗಿ ಕೆಲಸ ಕಿತ್ತುಕೊಳ್ಳುವ ದಣಿ ಅಲ್ಲಿಲ್ಲ. ಎಡ್ಡಿಯನ್ನು ಯಾರೂ ಒಪ್ಪುವುದಿಲ್ಲ, ಹೊರಗೂ ದಬ್ಬುವುದಿಲ್ಲ. ನಾನು ಹೊಗಳಿದ್ದು ಆ ಜಗಳವನ್ನು.

ಅವನ ಮಾತಿನಲ್ಲಿ ಅರ್ಧ ನಿಜವೂ ಇದೆ. 1955ರ ಮಾರ್ಚ್‌ನಲ್ಲಿ, ಪಾರ್ಕ್ಸ್ ಅವರಿಗಿಂತ ಒಂಬತ್ತು ತಿಂಗಳು ಮೊದಲು, ಅದೇ ಮಾಂಟ್‌ಗೊಮೆರಿಯಲ್ಲಿ ಹದಿನೈದು ವರ್ಷದ ಕ್ಲಾಡೆಟ್ ಕಾಲ್ವಿನ್ ಬಸ್ಸಿನ ಸೀಟು ಬಿಡದೆ ಬಂಧನಕ್ಕೊಳಗಾದಳು. ನಿಮ್ಮ ಶಾಲೆಯ ಮಕ್ಕಳಿಗೆ ಅವಳ ಹೆಸರೂ ತಿಳಿಯಲಿ. ಆದರೆ ಉಳಿದರ್ಧ ತಪ್ಪು. ಪಾರ್ಕ್ಸ್ ಮೈ ದಣಿದು ಕೂತವರಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಶಾಖೆಗೆ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ದುಡಿದವರು, ಆ ಬೇಸಿಗೆಯಲ್ಲೇ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಶಿಬಿರಕ್ಕೆ ಹೋಗಿಬಂದವರು. ಅಂಗಡಿಯ ಗದ್ದಲದಲ್ಲಿ ಹೈಲ್ಯಾಂಡರ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಚಿತ್ರದ ಮೇಲೆ ನನ್ನ ತಕರಾರು ಇದೇ. ಎಡ್ಡಿ ತಪ್ಪು ಹೇಳಲಿ, ಅವನನ್ನು ತಿದ್ದಬಲ್ಲ ಒಬ್ಬರನ್ನಾದರೂ ಅಲ್ಲಿ ಕೂರಿಸಬೇಕಿತ್ತು.

ಎಡ್ಡಿಯ ಆ ಸಾಲುಗಳನ್ನು ತೆಗೆಯಿರೆಂದು ನಾಗರಿಕ ಹಕ್ಕುಗಳ ಹೋರಾಟದ ನಾಯಕ ಜೆಸ್ಸೆ ಜಾಕ್ಸನ್ ಒತ್ತಾಯಿಸಿದ್ದರು. ತೆಗೆಯದಿದ್ದದ್ದು ಸರಿ ಎಂದೇ ಈಗಲೂ ನಂಬಿದ್ದೇನೆ. ಆದರೆ 2003ರಲ್ಲಿ ಸೆಡ್ರಿಕ್ ನಿರೂಪಕರಾಗಿದ್ದ ಎನ್‌ಎಎಸಿಪಿ ಇಮೇಜ್ ಪ್ರಶಸ್ತಿ ಸಮಾರಂಭಕ್ಕೆ ಪಾರ್ಕ್ಸ್ ಹೋಗಲಿಲ್ಲ. ಅವರಿಗಾಗ ತೊಂಬತ್ತು ವರ್ಷ, ಅದು ಅವರೇ ದುಡಿದ ಸಂಘಟನೆ. ಲೇಖನ ಬರೆಯುವಾಗ ಇದು ನನಗೆ ಗೊತ್ತಿತ್ತು. ನಗುವಿಗೆ ಅಡ್ಡಿಯಾದೀತೆಂದು ಬಿಟ್ಟೆ. ಅದು ನನ್ನ ತಪ್ಪು, ನಿಮ್ಮ ಕ್ಷಮೆ ಕೇಳುತ್ತೇನೆ.

– ಸಂಪಾದಕ