ಬಿದ್ದ ಮರಿ, ಹಾಲು-ರೊಟ್ಟಿ ಮತ್ತು ನನ್ನ ಫೋನು

ಶಿವರಾತ್ರಿ ಮುಗಿದು ಬೇವಿನ ಗಿಡ ಹೂ ಬಿಡುವ ಹೊತ್ತಿಗೆ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ನಾನು ದನದ ಡಾಕ್ಟರು. ಎಮ್ಮೆ, ಕುರಿಗಳ ನಡುವೆಯೇ ತಲೆ ಬೆಳ್ಳಗಾಯಿತು. ಯಾವಾಗಲೋ ನಾಲ್ಕು ಹಕ್ಕಿಗಳಿಗೆ ಔಷಧ ಹಚ್ಚಿದ ತಪ್ಪಿಗೆ ಈಗ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯ ಹಕ್ಕಿಗಳು ನನ್ನ ಮೈಮೇಲೆ ಬಂದಿವೆ. ಬರಲಿ, ಬೇಜಾರಿಲ್ಲ. ಆದರೆ ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಹಾಲು, ಅದೇ ರೊಟ್ಟಿ. ಈ ಸಲ ಒಂದೇ ಪ್ರಶ್ನೆಗೆ ಉದ್ದಕ್ಕೆ ಉತ್ತರ ಬರೆಯುತ್ತೇನೆ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಅಂಗಳದ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಇವತ್ತು ಬೆಳಿಗ್ಗೆ ಒಂದು ಮರಿ ಕೆಳಗೆ ಬಿದ್ದಿತ್ತು. ಬಿಸಿಲು ಅಂತ ಒಳಗೆ ತಂದು ಡಬ್ಬದಲ್ಲಿ ಇಟ್ಟಿದ್ದೀವಿ. ಹಾಲಲ್ಲಿ ರೊಟ್ಟಿ ನೆನೆಸಿ ಕೊಟ್ಟರೆ ತಿನ್ನುತ್ತಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತಾರೆ. ಈಗೇನು ಮಾಡೋದು? (ಗಂಗಾವತಿಯ ಓದುಗರು)

ಉತ್ತರ: ತಂದ ಜಾಗದಲ್ಲೇ ವಾಪಸ್ ಬಿಟ್ಟು ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ಬಿಟ್ಟು ಬಂದ್ರಾ? ಸರಿ. ನಿಮ್ಮ ಮರಿ ಬಿದ್ದಿರಲಿಲ್ಲ ತಾಯಿ. ಅದು ಹೊರಟಿತ್ತು. ಪಿಕಳಾರದ ಮರಿ ಮೊಟ್ಟೆಯಿಂದ ಹೊರಬಂದು ಹನ್ನೆರಡು ಹದಿಮೂರು ದಿನಕ್ಕೇ ಗೂಡು ಬಿಡುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರೋಕೆ ಬರುವುದಿಲ್ಲ. ನೆಲದ ಮೇಲೆ, ಕುಂಡದ ಹಿಂದೆ, ಗಿಡದ ಬುಡದಲ್ಲಿ ಕುಪ್ಪಳಿಸಿಕೊಂಡು ಕೆಲವು ದಿನ ಕಳೆಯುತ್ತದೆ. ಅಷ್ಟೂ ದಿನ ಅಪ್ಪ ಅಮ್ಮ ಹುಳ ತಂದು ಬಾಯಿಗೆ ಇಡುತ್ತವೆ. ನಡೆಯಲು ಕಲಿಯುವ ಮಗು ಎಡವಿತು ಅಂತ ಪಕ್ಕದ ಮನೆಯವರು ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡರೆ ನೀವು ಸುಮ್ನೆ ಇರ್ತೀರಾ? ಪೊಲೀಸ್ ಸ್ಟೇಷನ್‌ಗೆ ಹೋಗ್ತೀರಿ. ಪಿಕಳಾರಕ್ಕೆ ಆ ಅನುಕೂಲ ಇಲ್ಲ. ನಿಮ್ಮ ಕಾಂಪೌಂಡಿನ ಮೇಲೆ ಕೂತು ಬಾಯಿ ಬಡಿದುಕೊಳ್ಳುತ್ತದೆ. ಅದನ್ನು ನೀವು 'ಹಕ್ಕಿ ಎಷ್ಟು ಚೆನ್ನಾಗಿ ಹಾಡ್ತಿದೆ' ಅಂದುಕೊಳ್ತೀರಿ.

ಮರಿ ಯಾವ ವಯಸ್ಸಿನದು ಅಂತ ತಿಳಿಯೋದು ಕಷ್ಟವಲ್ಲ. ಮೈತುಂಬ ಗರಿ, ಮೊಂಡು ಬಾಲ, ಕೊಕ್ಕಿನ ಮೂಲೆಯಲ್ಲಿ ಇನ್ನೂ ಹಳದಿ, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದು ಕೂರುತ್ತದೆ ಅಂದರೆ ಅದು ಹೊರಟ ಮರಿ. ಬೆಕ್ಕು, ನಾಯಿ, ಬೈಕಿನ ಗಾಲಿ ಹತ್ತಿರ ಇದ್ದರೆ ಎತ್ತಿ ಅದೇ ಗಿಡದ ಒತ್ತಾದ ಕೊಂಬೆಗೆ ಇಡಿ. ನಿಮ್ಮ ಬೆಕ್ಕನ್ನು ನಾಲ್ಕು ದಿನ ಒಳಗೆ ಕಟ್ಟಿಹಾಕಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಮೈ ಬೋಳಾಗಿದ್ದು, ಕಣ್ಣು ತೆರೆಯದ, ಕೆಂಪು ಮಾಂಸದ ಮುದ್ದೆಯಂಥ ಮರಿಯಾದರೆ ಅದು ನಿಜವಾಗಿ ಬಿದ್ದದ್ದು. ಗೂಡು ಕೈಗೆ ಸಿಕ್ಕರೆ ಗೂಡಿಗೇ ಹಾಕಿ. ಗೂಡೇ ಕಿತ್ತುಬಿದ್ದಿದ್ದರೆ ಒಂದು ಸಣ್ಣ ಬುಟ್ಟಿಯೋ ತೂತು ಕೊರೆದ ಪ್ಲಾಸ್ಟಿಕ್ ಡಬ್ಬವೋ ತಗೊಳ್ಳಿ. ಬಿದ್ದ ಗೂಡಿನ ಕಸವನ್ನೇ ಒಳಗೆ ಹಾಸಿ. ಮೊದಲಿದ್ದ ಜಾಗದ ಪಕ್ಕದಲ್ಲೇ ನೆರಳು ಬೀಳುವ ಕಡೆ ತಂತಿಯಿಂದ ಕಟ್ಟಿ. ಆಮೇಲೆ ಅಲ್ಲಿಂದ ಹೋಗಿ. ಹೋಗಿ ಅಂದರೆ ನಿಜವಾಗಿ ಹೋಗಿ. ಮೂರಡಿ ದೂರದಲ್ಲಿ ಮೊಬೈಲ್ ಹಿಡಿದು ನಿಂತು 'ಸರ್, ಒಂದು ತಾಸಾಯ್ತು, ತಾಯಿ ಬರಲೇ ಇಲ್ಲ' ಅನ್ನೋರಿಗೆ ಏನು ಹೇಳಲಿ? ನೀವಿರುವ ತನಕ ಅದು ಬರಲ್ಲ. ಒಳಗೆ ಹೋಗಿ ಕಿಟಕಿಯಿಂದ ನೋಡಿ. ನಮ್ಮ ಕಡೆ ಮಟಮಟ ಮಧ್ಯಾಹ್ನ ದೊಡ್ಡ ಹಕ್ಕಿಗಳೂ ಬಾಯಿ ತೆರೆದುಕೊಂಡು ನೆರಳಲ್ಲಿ ಕೂತಿರುತ್ತವೆ, ಓಡಾಟ ಕಡಿಮೆ. ಬೆಳಿಗ್ಗೆ ಅಥವಾ ನಾಲ್ಕರ ಮೇಲೆ ನೋಡಿದರೆ ನಿಜ ಗೊತ್ತಾಗುತ್ತದೆ.

ಇನ್ನು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋ ಮಾತು. ಇದನ್ನು ನನಗೆ ಓದಿದವರೇ ಜಾಸ್ತಿ ಹೇಳ್ತಾರೆ. ಕೈ ವಾಸನೆ ಹಿಡಿದು ಮರಿಯನ್ನು ಬಿಟ್ಟುಹೋಗುವಷ್ಟು ಮೂಗು ಪಿಕಳಾರಕ್ಕೂ ಇಲ್ಲ, ಗುಬ್ಬಿಗೂ ಇಲ್ಲ. ಬಾಯಿ ತೆರೆದು ಕೂಗುವ ಮರಿ ಕಂಡರೆ ತುತ್ತು ಇಡುವುದು ಅವುಗಳ ಗುಣ. ಅನುಮಾನ ಇದ್ದರೆ ಕಾಗೆಯನ್ನು ನೋಡಿ. ಗೂಡಿನಲ್ಲಿ ಕೋಗಿಲೆ ಇಟ್ಟು ಹೋದ ಮೊಟ್ಟೆಯ ಮರಿಗೇ ಉಣಿಸಿ ಬೆಳೆಸುತ್ತದೆ ಅದು. ನಿಮ್ಮ ಬೆರಳು ತಾಗಿದ ಸ್ವಂತ ಮರಿಯನ್ನು ಪಿಕಳಾರ ಬಿಟ್ಟುಬಿಡುತ್ತದಾ?

ಈಗ ಹಾಲು-ರೊಟ್ಟಿಗೆ ಬರೋಣ. ಹೋದ ಬೇಸಿಗೆ ಒಬ್ಬ ಹುಡುಗ ಚಪ್ಪಲಿ ಡಬ್ಬ ಹಿಡಿದು ಮನೆ ಬಾಗಿಲಿಗೆ ಬಂದ. ಒಳಗೆ ಗೊರವಂಕದ ಮರಿ. ಕೆಳಗೆ ಹತ್ತಿ, ಮೇಲೆ ಮುಚ್ಚಳದಲ್ಲಿ ತೂತು ಕೊರೆದು ಇಳಿಬಿಟ್ಟ ಬಲ್ಬು. 'ಮರಿಗೆ ಕಾವು ಬೇಕು ಅಂತ ವಿಡಿಯೋದಲ್ಲಿ ನೋಡಿದೆ ಸರ್, ಇಷ್ಟೊತ್ತೂ ಹಚ್ಚಿಟ್ಟಿದ್ದೆ' ಅಂದ. ಏಪ್ರಿಲ್ ತಿಂಗಳು, ಬಳ್ಳಾರಿ, ತಗಡಿನ ಮನೆ, ಮಧ್ಯಾಹ್ನ ಎರಡು ಗಂಟೆ. ಕಾವು! ಮರಿಯ ಎದೆಯ ಗರಿಗೆ ಹಾಲು ಒಣಗಿ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿಯಾಗಿತ್ತು. ಕೊಕ್ಕಿನ ಸುತ್ತ ಜೋಳದ ರೊಟ್ಟಿಯ ಪುಡಿ. ಕಣ್ಣಿನ ಅಂಚಿಗೆ ಕೆಂಪಿರುವೆ ಹತ್ತಿದ್ದವು. ಉಸಿರಾಡುವಾಗ ಗೊರಗೊರ ಸದ್ದು. ಇರುವೆ ತೆಗೆದೆ, ನೆರಳಿಗಿಟ್ಟೆ. ಸಂಜೆ ಹೊತ್ತಿಗೆ ಹೋಯಿತು. ಹುಡುಗ ಅತ್ತ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ವಿಡಿಯೋ ಮಾಡಿದವನು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಆ ಗೊರಗೊರ ಸದ್ದು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಹಕ್ಕಿಯ ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇರುತ್ತದೆ. ಇಂಕ್ ಫಿಲ್ಲರಿನಲ್ಲೋ ಸಿರಿಂಜಿನಲ್ಲೋ ಬಾಯೊಳಗೆ ನೀರು ಬಿಟ್ಟರೆ ಅದು ಹೊಟ್ಟೆಗೆ ಹೋಗುವ ಬದಲು ಪುಪ್ಪುಸಕ್ಕೆ ಇಳಿಯುತ್ತದೆ. ಗೂಡಿನ ಮರಿ ನೀರು ಕುಡಿಯುವುದೇ ಇಲ್ಲ, ತಿನ್ನುವ ಹುಳದಲ್ಲೇ ಅದಕ್ಕೆ ಬೇಕಾದ ನೀರು ಇರುತ್ತದೆ. ಹಾಲಂತೂ ಹಕ್ಕಿಗೆ ಆಹಾರವೇ ಅಲ್ಲ. ಅದರಲ್ಲಿರುವ ಸಕ್ಕರೆ ಅದಕ್ಕೆ ಅರಗುವುದಿಲ್ಲ, ಭೇದಿ ಹತ್ತುತ್ತದೆ. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಹುಳವನ್ನೇ ತಂದು ಕೊಡುತ್ತದೆ. ರೊಟ್ಟಿ, ಅನ್ನ, ಬ್ರೆಡ್ಡು, ಬಿಸ್ಕತ್ತು ನಿಮ್ಮ ಸಮಾಧಾನಕ್ಕೆ ಅಷ್ಟೆ.

ನನ್ನನ್ನು ದೊಡ್ಡ ಬುದ್ಧಿವಂತ ಅಂದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿರುಗುಪ್ಪ ಕಡೆಯ ಎರೆ ಹೊಲದಲ್ಲಿ ಒಂಟಿಯಾಗಿ ಕೂತಿದ್ದ ಟಿಟ್ಟಿಭದ ಮರಿಯನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದೆ. ಪಾಪ, ತಬ್ಬಲಿ ಅಂದುಕೊಂಡಿದ್ದೆ. ನಾನು ಬೈಕ್ ಹತ್ತಿ ರಸ್ತೆಗೆ ಬರುವ ತನಕ ಎರಡು ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತುತ್ತಿದ್ದವು. ಅವೇ ಅದರ ಅಪ್ಪ ಅಮ್ಮ ಅಂತ ಹೊಳೆಯಲಿಲ್ಲ. ಟಿಟ್ಟಿಭದ ಮರಿ ಮೊಟ್ಟೆ ಒಡೆದ ದಿನವೇ ಓಡಾಡುತ್ತದೆ, ಅಪಾಯ ಅಂತ ತಾಯಿ ಕೂಗಿದರೆ ಮಣ್ಣಿಗೆ ಅಂಟಿಕೊಂಡು ಕಲ್ಲಿನ ಹಾಗೆ ಕೂರುತ್ತದೆ. ಆ ಅಪಾಯ ನಾನೇ ಆಗಿದ್ದೆ. ಎರಡನೇ ದಿನ ಸತ್ತಿತು. ಅದಕ್ಕೇ ಈಗ ಫೋನಿನಲ್ಲಿ ನನ್ನ ದನಿ ಏರುತ್ತದೆ.

ಹಾಗಾದರೆ ಎತ್ತಲೇಬಾರದಾ? ಎತ್ತಬೇಕಾದ ಸಂದರ್ಭಗಳು ಇವೆ. ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಇದ್ದರೆ, ತಾಯಿ ಸತ್ತದ್ದನ್ನು ನೀವೇ ಕಂಡಿದ್ದರೆ ಎತ್ತಿ. ಬೆಕ್ಕಿನ ಬಾಯಿ ತಾಗಿದ ಮರಿಯನ್ನು ಗಾಯ ಕಾಣದಿದ್ದರೂ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ, ತೂತು ಗರಿಯೊಳಗೆ ಮುಚ್ಚಿಹೋಗುತ್ತದೆ, ಎಂಜಲಿನ ನಂಜು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಅರಿಶಿನ ಮೆತ್ತಿಕೊಂಡು ಕೂರಬೇಡಿ, ಆಂಟಿಬಯೋಟಿಕ್ ಬೇಕು. ಒಯ್ಯುವಾಗ ಗಾಳಿಯಾಡುವ ರಟ್ಟಿನ ಡಬ್ಬ, ಒಳಗೆ ಹಳೆ ಬಟ್ಟೆ, ಕತ್ತಲೆ, ಮೌನ. ಮಕ್ಕಳ ಕೈಗೆ ಕೊಟ್ಟು ಸೆಲ್ಫಿ ಬೇಡ.

ಬಿಸಿಲಿಗೆ ತಲೆ ತಿರುಗಿ ಬಿದ್ದ ದೊಡ್ಡ ಹಕ್ಕಿಗಳ ಕತೆ ಬೇರೆ. ಹದ್ದು, ಪಾರಿವಾಳ ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಸುಮ್ನೆ ಕೆಳಗೆ ಬೀಳುತ್ತವೆ. ಹಕ್ಕಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ನೆರಳಿಗೆ ತನ್ನಿ, ಕಾಲು ಒದ್ದೆ ಮಾಡಿ, ಅಗಲ ಬಟ್ಟಲಲ್ಲಿ ನೀರು ಮುಂದಿಡಿ. ಬಕೆಟ್‌ನಲ್ಲಿ ಮುಳುಗಿಸಬೇಡಿ. ಹದ್ದಾದರೆ ಮೊದಲು ಗೋಣಿಚೀಲ ಹೊದಿಸಿ, ಅದರ ಉಗುರು ನಿಮ್ಮ ಕರುಣೆಯನ್ನು ನೋಡುವುದಿಲ್ಲ. ಸಾಯಂಕಾಲ ತಂಪಾದ ಮೇಲೆ ಎಷ್ಟೋ ತಾವೇ ಹಾರಿಹೋಗುತ್ತವೆ.

ಪ್ರಶ್ನೆ: ಹಕ್ಕಿಗೆ ಇಡುವ ನೀರಿಗೆ ಗ್ಲೂಕೋಸ್ ಹಾಕಬಹುದಾ? (ರಾಯಚೂರು)

ಉತ್ತರ: ಬೇಡ. ಉಪ್ಪೂ ಬೇಡ, ಓಆರ್‌ಎಸ್ಸೂ ಬೇಡ. ಮಣ್ಣಿನ ಅಗಲ ತಟ್ಟೆ, ಎರಡು ಇಂಚು ನೀರು, ನಡುವೆ ಒಂದು ಕಲ್ಲು. ದಿನಾ ತಿಕ್ಕಿ ತೊಳೆಯಬೇಕು. ತೊಳೆಯಲು ಆಗದಿದ್ದರೆ ಇಡಲೇಬೇಡಿ, ರೋಗ ಹಂಚಿದ ಹಾಗಾಗುತ್ತದೆ.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೇ ಕೋಗಿಲೆ ಕೂಗಿ ನಿದ್ದೆ ಕೆಡಿಸುತ್ತದೆ, ಓಡಿಸೋದು ಹೇಗೆ?

ಉತ್ತರ: ಕೂಗುವುದು ಗಂಡು, ಹೆಣ್ಣು ಸಿಗುವ ತನಕ ಕೂಗುತ್ತದೆ. ನೀವು ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಪ್ರಶ್ನೆ: ಮನೆ ಮುಂದಿನ ಗಿಡಕ್ಕೆ ಹಾಲಕ್ಕಿ (ಸಣ್ಣ ಗೂಬೆ) ಬಂದು ಕೂರುತ್ತಿದೆ. ಶಾಂತಿ ಮಾಡಿಸಬೇಕು ಅಂತ ಒಬ್ಬರು ಐದು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಹಾಲಕ್ಕಿ ಇಲಿಮರಿ, ಹುಳಹುಪ್ಪಟೆ ತಿಂದು ಬಿಟ್ಟಿ ಕೆಲಸ ಮಾಡುತ್ತಿದೆ. ನಿಮ್ಮ ಮನೆಗೆ ಈಗ ಬಂದಿರುವ ಅಪಶಕುನ ಐದು ಸಾವಿರ ಕೇಳಿದವರು.

ಪ್ರಶ್ನೆ: ಮಣ್ಣುಮುಕ್ಕ ಹಾವಿಗೆ ನಿಜವಾಗಿ ಎರಡು ತಲೆ ಇದೆಯಾ? ಲಕ್ಷಗಟ್ಟಲೆ ಬೆಲೆ ಅಂತಾರಲ್ಲ? (ಸಿಂಧನೂರು)

ಉತ್ತರ: ಒಂದೇ ತಲೆ. ಇನ್ನೊಂದು ಕಡೆ ಇರುವುದು ಮೊಂಡು ಬಾಲ. ವಿಷ ಇಲ್ಲ, ಹೊಲದ ಇಲಿ ತಿನ್ನುತ್ತದೆ. ಲಕ್ಷ ಕೊಡ್ತೀನಿ ಅನ್ನುವವನು ಮುಂಗಡ ಅಂತ ನಿಮ್ಮಿಂದಲೇ ದುಡ್ಡು ಕೀಳುತ್ತಾನೆ. ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸು. ಪಂಜರದ ಹಸಿರು ಗಿಳಿಗೂ ಅದೇ ಕಾಯ್ದೆ. ಗಿಳಿ ಮಾತಾಡಲು ಏನು ತಿನ್ನಿಸಬೇಕು ಅಂತ ಕೇಳಿದ ಮೂವರೂ ಇದನ್ನು ಓದಿಕೊಳ್ಳಿ.

ಪ್ರಶ್ನೆ: ಫಿನೈಲ್, ಬೆಳ್ಳುಳ್ಳಿ ಹಾಕಿದರೆ ಹಾವು ಬರಲ್ವಾ?

ಉತ್ತರ: ಬರುತ್ತದೆ. ಇಲಿಬಿಲ ಮುಚ್ಚಿ, ಕಟ್ಟಿಗೆ ರಾಶಿ ಗೋಡೆಯಿಂದ ದೂರ ಇಡಿ, ರಾತ್ರಿ ಬ್ಯಾಟರಿ ಇಲ್ಲದೆ ಓಡಾಡಬೇಡಿ. ಕಚ್ಚಿದರೆ ಸೀದಾ ಸರ್ಕಾರಿ ಆಸ್ಪತ್ರೆ. ಮಂತ್ರ ಹಾಕುವವರ ಹತ್ತಿರ ಬದುಕಿದವರೆಲ್ಲ ವಿಷ ಏರದೆ ಬದುಕಿದವರು.

ಪ್ರಶ್ನೆ: ಕರಡಿ ಎದುರಾದರೆ ಸತ್ತವರ ಹಾಗೆ ಮಲಗಬೇಕಾ? (ಸಂಡೂರು)

ಉತ್ತರ: ದೂರದಲ್ಲಿ ಕಂಡದ್ದಕ್ಕೇ ಮಲಗಬೇಡಿ. ಓಡಲೂ ಬೇಡಿ. ಅದರ ಕಡೆಯೇ ನೋಡುತ್ತಾ ಮೆಲ್ಲಗೆ ಹಿಂದೆ ಸರಿಯಿರಿ. ಮೈಮೇಲೆ ಬಂದೇಬಿಟ್ಟರೆ ಬೋರಲು ಬಿದ್ದು ಕುತ್ತಿಗೆ ಹಿಂದೆ ಕೈ ಕಟ್ಟಿ, ಅದು ಪರಚುವುದು ಮುಖ, ತಲೆಯನ್ನೇ. 1994ರಲ್ಲಿ ದರೋಜಿ ಕರಡಿಧಾಮ ಆಗುವ ಮೊದಲೂ ನಿಮ್ಮ ಗುಡ್ಡಗಳಲ್ಲಿ ಕರಡಿ ಇದ್ದವು. ಕತ್ತಲಲ್ಲಿ ಹೊಲಕ್ಕೆ ಒಬ್ಬರೇ ಹೋಗಬೇಡಿ, ಗಟ್ಟಿಯಾಗಿ ಮಾತಾಡಿಕೊಂಡು ಹೋಗಿ. ಕರಡಿ ಕೂದಲಿನ ತಾಯಿತ ನಂಬಿ ಹೋಗಬೇಡಿ, ನೀವು ಅದನ್ನು ಕಟ್ಟಿಕೊಂಡಿದ್ದೀರಿ ಅಂತ ಕರಡಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಮಾಳಿಗೆ ಮೇಲೆ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿದೆ. ಮೇಲೆ ಹೋದರೆ ತಲೆಗೇ ಬರುತ್ತದೆ. ಎತ್ತರದಲ್ಲಿ ಮೊಟ್ಟೆ ಇಟ್ಟರೆ ಮಳೆ ಚೆನ್ನಾಗಿ ಆಗುತ್ತದಂತೆ, ನಿಜವಾ? ಮೊಟ್ಟೆಗಳನ್ನು ಪಕ್ಕಕ್ಕೆ ಸರಿಸಬಹುದಾ? ಸಂಡಿಗೆ ಹಾಕೋದಿದೆ. (ಕುಷ್ಟಗಿ)

ಉತ್ತರ: ಮಳೆ ಬಂದರೆ ಟಿಟ್ಟಿಭಕ್ಕೆ ಹೆಸರು, ಬರದಿದ್ದರೆ ಯಾರೂ ಅದನ್ನು ಕೇಳುವುದಿಲ್ಲ. ಅದಕ್ಕೆ ನಿಮ್ಮ ಮಾಳಿಗೆ ಅಂದರೆ ಗರಸು ಹಾಸಿದ ಬಯಲು, ನಾಯಿ ಬಾರದ ಜಾಗ, ಅಷ್ಟೆ. ಒಂದು ಮಾತ್ರ ಬೆಳಿಗ್ಗೆ ಹತ್ತರ ಮೇಲೆ ಮರೆಯಲ್ಲಿ ನಿಂತು ನೋಡಿ. ಹಕ್ಕಿ ಎಲ್ಲೋ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಕಾಯ್ದ ಸಿಮೆಂಟಿನ ಮೇಲೆ ಮೊಟ್ಟೆ ಬೇಯದ ಹಾಗೆ ತಂಪು ಮಾಡುವ ಕೆಲಸ ಅದು. ನಾನು ಇಷ್ಟು ವರ್ಷದಲ್ಲಿ ನೋಡಿದ ಒಳ್ಳೆಯ ದೃಶ್ಯಗಳಲ್ಲಿ ಅದೂ ಒಂದು. ಹತ್ತಿರದಲ್ಲಿ ಒಂದು ತಟ್ಟೆ ನೀರಿಟ್ಟರೆ ಅದಕ್ಕೆ ಓಡಾಟ ಉಳಿಯಬಹುದು.

ಮೊಟ್ಟೆ ಸರಿಸಬೇಡಿ. ಮಳೆನೀರಿನ ಪೈಪಿನ ಬಾಯಿಗೆ ಈಗಲೇ ಜಾಲರಿ ಕಟ್ಟಿ, ಮರಿಗಳು ಅದರೊಳಗೆ ಬಿದ್ದರೆ ತೆಗೆಯಲು ನಾನು ಬರೋಕಾಗಲ್ಲ. ಮರಿ ಹೊರಬಂದ ಮೇಲೆ ತಾಯಿ ಕೆಳಗಿನಿಂದ ಕರೆಯುತ್ತದೆ, ಅವು ಜಿಗಿಯುತ್ತವೆ. ಹತ್ತಿಯ ಹಾಗೆ ಹಗುರ, ಒಂದು ಅಂತಸ್ತಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೊಟ್ಟೆ ಇಟ್ಟು ಮುಗಿಸಿದ ದಿನದಿಂದ ಇಪ್ಪತ್ತೆಂಟು ಮೂವತ್ತು ದಿನ ಲೆಕ್ಕ ಹಾಕಿ. ಅಲ್ಲಿ ತನಕ ಸಂಡಿಗೆಯನ್ನು ಪಕ್ಕದ ಮನೆಯವರ ಮಾಳಿಗೆ ಮೇಲೆ ಹಾಕಿ.