ನಿಮ್ಮ ಲೇಖನದ ನಾಲ್ಕನೇ ಪುಟ ನಮಗೆ ಬೇಕು

ಪ್ರಿಯ ಗೆಳೆಯರೇ,

ನಮಸ್ಕಾರ. ಕ್ರೀಡಾ ಪುಟಕ್ಕೆ ನೀವು ಕಳಿಸಿದ 'ಏಳನೇ ಕ್ರಮಾಂಕದ ಮಹಾಪ್ರಮಾದ' ಲೇಖನವನ್ನು ಪೂರ್ತಿ ಓದಿದೆ. ಇದನ್ನು ಹೀಗೇ ಪ್ರಕಟಿಸಲು ಆಗುವುದಿಲ್ಲ. 'ಸ್ಥಳಾವಕಾಶದ ಕೊರತೆಯಿಂದ' ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಲೇಖನದ ಜೊತೆಗಿಟ್ಟ ಪತ್ರದಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದೀರಿ: ಮಾಜಿ ಆಟಗಾರರು ಏನು ಬರೆದರೂ ಹಾಕುತ್ತೀರಿ, ಅಭಿಮಾನಿ ಬರೆದರೆ ಯಾಕೆ ಹಾಕುವುದಿಲ್ಲ? ಈ ಪ್ರಶ್ನೆಗೆ ನಿಮಗೆ ಸರಿಯಾದ ಉತ್ತರ ಸಿಗಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2019ರ ವಿಶ್ವಕಪ್ ಸೆಮಿಫೈನಲ್. ಮ್ಯಾಂಚೆಸ್ಟರ್‌ನಲ್ಲಿ ನ್ಯೂಜಿಲೆಂಡ್ ಎದುರು ಭಾರತ 18 ರನ್‌ಗಳಿಂದ ಸೋತ ಪಂದ್ಯ. ಧೋನಿಯನ್ನು ಏಳನೇ ಕ್ರಮಾಂಕಕ್ಕೆ ಇಳಿಸಿದ್ದೇ ಸೋಲಿಗೆ ಕಾರಣ ಎಂಬುದು ನಿಮ್ಮ ವಾದ. ಈ ವಾದ ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ವಿವಿಎಸ್ ಲಕ್ಷ್ಮಣ್, ಸೌರವ್ ಗಂಗೂಲಿ ಇಬ್ಬರೂ ಅಂದೇ ಹೇಳಿದ್ದರು. ಧೋನಿ ಬೇಗ ಬಂದು ಔಟಾಗಿದ್ದರೆ ಚೇಸ್ ಅಲ್ಲಿಗೇ ಮುಗಿಯುತ್ತಿತ್ತು, ಅದು ಇಡೀ ತಂಡದ ತೀರ್ಮಾನ ಎಂದು ಕೋಚ್ ರವಿ ಶಾಸ್ತ್ರಿ ಆಮೇಲೆ ಉತ್ತರವನ್ನೂ ಕೊಟ್ಟರು. ಆ ಉತ್ತರದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದಕ್ಷರವೂ ಇಲ್ಲ. ಎದುರಾಳಿಯ ಅತಿ ಗಟ್ಟಿ ಮಾತನ್ನು ಎತ್ತಿಕೊಂಡು ಅದಕ್ಕೆ ಉತ್ತರ ಹೇಳಿದ್ದರೆ ಹಳೆಯ ವಾದಕ್ಕೂ ಜೀವ ಬರುತ್ತಿತ್ತು.

ಅಂಕಿಗಳ ತೊಂದರೆಯೂ ಇದೆ. ಸ್ಕೋರ್ 24 ರನ್‌ಗೆ 4 ವಿಕೆಟ್ ಆಗಿದ್ದಾಗ ಧೋನಿ ಕ್ರೀಸಿಗೆ ಬಂದರು ಎಂದು ಬರೆದಿದ್ದೀರಿ. ಆಗ ಬಂದವರು ಹಾರ್ದಿಕ್ ಪಾಂಡ್ಯ. ಐದನೇ ವಿಕೆಟ್ ಆಗಿ ಪಂತ್ ಔಟಾದಾಗ ಸ್ಕೋರ್ 71. ಧೋನಿ ಬಂದದ್ದು ಆಗ. ನಿಮ್ಮ ಇಡೀ ವಾದ 'ಯಾವಾಗ ಬಂದರು' ಎಂಬುದರ ಮೇಲೇ ನಿಂತಿದೆ, ಅಲ್ವಾ? ಅದೇ ತಪ್ಪಾದರೆ ಓದುಗರು ಮುಂದಿನ ಸಾಲನ್ನೂ ನಂಬುವುದಿಲ್ಲ. ಧೋನಿಯ 50 ರನ್ ಬರೆದಿದ್ದೀರಿ, ಅದಕ್ಕೆ ಹಿಡಿದ 72 ಎಸೆತ ಬಿಟ್ಟಿದ್ದೀರಿ. 59 ಎಸೆತದಲ್ಲಿ 77 ಹೊಡೆದ ಜಡೇಜಾ ಅವರಿಗೆ ಅರ್ಧ ಸಾಲು ಸಿಕ್ಕಿದೆ. ನಿಮ್ಮ ವಾದಕ್ಕೆ ಅಡ್ಡ ಬರುವ ಅಂಕಿಯನ್ನು ನೀವೇ ಹೇಳಿಬಿಡಬೇಕು. ನೀವು ಮುಚ್ಚಿಟ್ಟರೆ ಮರುದಿನ ಬೆಳಿಗ್ಗೆ ಓದುಗರು ಪತ್ರ ಬರೆದು ಹೇಳುತ್ತಾರೆ. ಕ್ರೀಡಾ ಪುಟದ ಓದುಗರಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ಪತ್ರಿಕೆಯ ಬೇರೆ ಯಾವ ಪುಟಕ್ಕೂ ಇಲ್ಲ.

ಈಗ ಮಾಜಿ ಆಟಗಾರರ ವಿಷಯ. ಹೌದು, ಹೆಸರಿಗೆ ಬೆಲೆ ಇದೆ. ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಅಂಥವರಲ್ಲಿ ಕೆಲವರು ಫೋನಿನಲ್ಲಿ ಮಾತಾಡುತ್ತಾರೆ, ಅದನ್ನು ಕೇಳಿಕೊಂಡು ಬೇರೆ ಯಾರೋ ಬರೆಯುತ್ತಾರೆ. ಇದು ಎಷ್ಟೋ ವರ್ಷಗಳಿಂದ ನಡೆದುಬಂದ ಪದ್ಧತಿ. ಆದರೂ ಅವರ ಅಂಕಣ ಓದುಗರಿಗೆ ಬೇಕು. ಯಾಕೆಂದರೆ ಹೊಸ ಚೆಂಡು ಆ ವೇಗದಲ್ಲಿ ಒಳಗೆ ನುಗ್ಗಿ ಬರುವಾಗ ಬ್ಯಾಟ್ ಹಿಡಿದು ನಿಂತವರು ಅವರು. ಡ್ರೆಸ್ಸಿಂಗ್ ರೂಮಿನಲ್ಲಿ ಏನು ಮಾತು ನಡೆಯುತ್ತದೆ ಎಂದು ಅವರಿಗೆ ಗೊತ್ತು. ನಿಮ್ಮ ಲೇಖನದ ಮುಕ್ಕಾಲು ಭಾಗ ಅವರ ದನಿಯಲ್ಲೇ ಇದೆ. 'ನಾಯಕ ಹೀಗೆ ಯೋಚಿಸಬೇಕಿತ್ತು', 'ಬೌಲರ್ ಲೆಂಗ್ತ್ ಬದಲಿಸಿದಾಗ ಬ್ಯಾಟರ್ ಹೀಗೆ ನಿಲ್ಲಬೇಕು' ಎಂದೆಲ್ಲ ಬರೆದಿದ್ದೀರಿ. ಇದನ್ನು ಓದಿದವರಿಗೆ ಏಳುವ ಮೊದಲ ಪ್ರಶ್ನೆ, ಇವರಿಗೆ ಹೇಗೆ ಗೊತ್ತು ಎಂಬುದು. ಅದಕ್ಕೆ ಲೇಖನದಲ್ಲಿ ಉತ್ತರ ಇಲ್ಲ.

ಹಾಗಾದರೆ ಅಭಿಮಾನಿಗೆ ಮಾತ್ರ ಗೊತ್ತಿರುವುದು ಏನು? ತುಂಬಾ ಇದೆ. ಟಿಕೆಟ್ ಹೇಗೆ ಮಾರುತ್ತಾರೆ, ಯಾವ ಸ್ಟ್ಯಾಂಡಿನಿಂದ ಏನು ಕಾಣುತ್ತದೆ, ಮಳೆ ಬಂದು ಆಟ ನಿಂತಾಗ ಪ್ರೇಕ್ಷಕರಿಗೆ ಯಾರಾದರೂ ಏನಾದರೂ ಹೇಳುತ್ತಾರಾ, ಪಂದ್ಯದ ಸಮಯವನ್ನು ಯಾರ ಅನುಕೂಲ ನೋಡಿ ಇಡುತ್ತಾರೆ, ಮಗಳನ್ನು ಕರೆದುಕೊಂಡು ಹೋದರೆ ಅಲ್ಲಿನ ಶೌಚಾಲಯ ಹೇಗಿರುತ್ತದೆ. ಮಾಜಿ ಆಟಗಾರರಿಗೆ ಇದು ಗೊತ್ತಿಲ್ಲ. ಅವರು ಬರುವ ಗೇಟೇ ಬೇರೆ. ನಮ್ಮ ವರದಿಗಾರರಿಗೂ ಪೂರ್ತಿ ಗೊತ್ತಿಲ್ಲ, ಅವರು ಪ್ರೆಸ್ ಬಾಕ್ಸಿನಲ್ಲಿ ಕೂರುತ್ತಾರೆ. ಈ ಜಾಗ ಪತ್ರಿಕೆಯಲ್ಲಿ ಖಾಲಿ ಇದೆ. ಅದನ್ನು ತುಂಬಲು ನಮಗೆ ನಿಮ್ಮಂಥವರೇ ಬೇಕು.

ನಿಮ್ಮ ನಾಲ್ಕನೇ ಪುಟ ಓದಿದಾಗ ನನಗೆ ನಿಜವಾಗಿಯೂ ಖುಷಿಯಾದದ್ದು ಇದಕ್ಕೇ. ಅಲ್ಲಿ ಹನ್ನೆರಡು ಸಾಲು ಇವೆ. ಮಂಗಳವಾರ, ಜುಲೈ 9ರಂದು ನ್ಯೂಜಿಲೆಂಡ್ 46.1 ಓವರ್‌ಗಳಲ್ಲಿ 5 ವಿಕೆಟ್‌ಗೆ 211 ರನ್ ಆಗಿದ್ದಾಗ ಮಳೆ ಬಂತು. ಆಟ ಮೀಸಲು ದಿನಕ್ಕೆ, ಅಂದರೆ ಮಳೆ ಬಂದರೆ ಇರಲಿ ಎಂದು ಮೊದಲೇ ತೆಗೆದಿಟ್ಟಿದ್ದ ಬುಧವಾರಕ್ಕೆ ಹೋಯಿತು. ನೀವು ಮಂಗಳವಾರಕ್ಕೆ ರಜೆ ಹಾಕಿದ್ದಿರಿ, ಬುಧವಾರ ರಜೆ ಸಿಗಲಿಲ್ಲ. ಮಧ್ಯಾಹ್ನದ ಮೀಟಿಂಗ್ ಮುಗಿಸಿ ಫೋನ್ ತೆಗೆದರೆ ಭಾರತ 5 ರನ್‌ಗೆ 3 ವಿಕೆಟ್. ರಾಹುಲ್, ರೋಹಿತ್, ಕೊಹ್ಲಿ ಮೂವರೂ ಒಂದೊಂದು ರನ್ನಿಗೆ ಔಟ್. ಪಕ್ಕದ ಟೇಬಲ್ಲಿನವರು ನಿಮ್ಮ ಮುಖ ನೋಡಿ ಮನೆಯಲ್ಲಿ ಏನಾದರೂ ಆಯಿತಾ ಎಂದು ಕೇಳಿದರು. ಇದನ್ನು ಬರೆದ ನಂತರ ಒಂದು ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ: 'ಮೀಸಲು ದಿನ ಎಂದರೆ ಯಾರಿಗಾಗಿ ಮೀಸಲು?' ಅಷ್ಟು ಕೇಳಿ ಅದನ್ನು ಅಲ್ಲೇ ಬಿಟ್ಟು ಮತ್ತೆ ಬ್ಯಾಟಿಂಗ್ ಕ್ರಮಾಂಕಕ್ಕೆ ಓಡಿದ್ದೀರಿ. ನನಗೆ ಹೊಟ್ಟೆ ಉರಿಯಿತು. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿ.

ಆ ಪ್ರಶ್ನೆಯ ಹಿಂದೆ ಎಷ್ಟು ಸರಕಿದೆ ನೋಡಿ. 2002ರ ಚಾಂಪಿಯನ್ಸ್ ಟ್ರೋಫಿ ಫೈನಲ್ ಕೊಲಂಬೊದಲ್ಲಿ ಭಾರತ–ಶ್ರೀಲಂಕಾ ನಡುವೆ ಇತ್ತು. ಸೆಪ್ಟೆಂಬರ್ 29ರಂದು ಮಳೆ ಬಂತು. ಮರುದಿನ ಆಟವನ್ನು ಮುಂದುವರಿಸಲಿಲ್ಲ. ಅಂದಿನ ನಿಯಮದಂತೆ ಹೊಸದಾಗಿ ಶುರು ಮಾಡಿದರು. ಶ್ರೀಲಂಕಾ ಮತ್ತೆ 50 ಓವರ್ ಆಡಿತು, ಭಾರತ ಮತ್ತೆ ಬ್ಯಾಟಿಂಗ್‌ಗೆ ಇಳಿಯಿತು, ಮತ್ತೆ ಮಳೆ. ಎರಡು ದಿನ ಸೇರಿ 110 ಓವರ್ ಆಟ ನಡೆದರೂ ಗೆದ್ದವರಿಲ್ಲ. ಟ್ರೋಫಿಯನ್ನು ಹಂಚಿಕೊಂಡರು. 2019ರ ಹೊತ್ತಿಗೆ, ನಿಂತಲ್ಲಿಂದಲೇ ಮುಂದುವರಿಸುವ ನಿಯಮ ಇತ್ತು. ಆದರೆ ಅದೇ ವಿಶ್ವಕಪ್ಪಿನ ಲೀಗ್ ಪಂದ್ಯಗಳಿಗೆ ಮೀಸಲು ದಿನವೇ ಇರಲಿಲ್ಲ. ನಾಲ್ಕು ಪಂದ್ಯ ಮಳೆಗೆ ಹೋದವು. ಜೂನ್ 13ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಆಗಬೇಕಿದ್ದ ಭಾರತ–ನ್ಯೂಜಿಲೆಂಡ್ ಪಂದ್ಯವೂ ಅದರಲ್ಲಿ ಒಂದು. ಎಲ್ಲ ಪಂದ್ಯಗಳಿಗೂ ಮೀಸಲು ದಿನ ಇಟ್ಟರೆ ಟೂರ್ನಿ ತುಂಬಾ ಉದ್ದವಾಗುತ್ತದೆ ಎಂದು ವಿಶ್ವ ಕ್ರಿಕೆಟ್ ನಡೆಸುವ ಸಂಸ್ಥೆ ಐಸಿಸಿ ಹೇಳಿತು. ಆ ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ.

2024ರ ಟಿ20 ವಿಶ್ವಕಪ್ ಇನ್ನೂ ಕುತೂಹಲದ್ದು. ಒಂದು ಸೆಮಿಫೈನಲ್‌ಗೆ ಮೀಸಲು ದಿನ ಇತ್ತು. ಗಯಾನಾದಲ್ಲಿ ನಡೆದ ಭಾರತ–ಇಂಗ್ಲೆಂಡ್ ಸೆಮಿಫೈನಲ್‌ಗೆ ಇರಲಿಲ್ಲ. ಬದಲಿಗೆ 250 ನಿಮಿಷ ಹೆಚ್ಚುವರಿ ಸಮಯ ಇಟ್ಟಿದ್ದರು. ಆ ಪಂದ್ಯ ಅಲ್ಲಿ ಬೆಳಿಗ್ಗೆ ಹತ್ತೂವರೆಗೆ, ಅಂದರೆ ಭಾರತದ ರಾತ್ರಿ ಎಂಟಕ್ಕೆ. ಭಾರತ ಸೆಮಿಫೈನಲ್‌ಗೆ ಬಂದರೆ ಈ ಪಂದ್ಯವನ್ನೇ ಆಡಬೇಕು ಎಂದು ಮೊದಲೇ ನಿಗದಿಯಾಗಿತ್ತು. ಇಲ್ಲಿ ಟಿವಿ ನೋಡುವವರಿಗೆ ಅದು ಅನುಕೂಲವೇ. ಗಯಾನಾದಲ್ಲಿ ಕೆಲಸದ ದಿನ ಬೆಳಿಗ್ಗೆ ಮೈದಾನಕ್ಕೆ ಹೋಗಬೇಕಾದ ಅಭಿಮಾನಿಗೆ? ಇದನ್ನು ಒಬ್ಬ ಅಭಿಮಾನಿ, ಇನ್ನೊಂದು ದೇಶದ ಅಭಿಮಾನಿಯ ಬಗ್ಗೆಯೂ ಯೋಚಿಸಿ ಬರೆದರೆ ನಾನು ಪುಟದ ಮೇಲ್ಭಾಗದಲ್ಲೇ ಹಾಕುತ್ತೇನೆ. ಇದನ್ನು ಬರೆಯಲು ನೀವು ಒಂದು ಚೆಂಡನ್ನೂ ಆಡಿರಬೇಕಿಲ್ಲ. 'ನಿಮಗೆ ಹೇಗೆ ಗೊತ್ತು' ಎಂದು ಯಾರೂ ಕೇಳುವುದಿಲ್ಲ.

ಇನ್ನು ಎರಡು ಕಡೆ ನಾನು ಗಟ್ಟಿಯಾಗಿ ಬೇಡ ಎನ್ನಲೇಬೇಕು. ಐದನೇ ಪುಟದಲ್ಲಿ, ಆಯ್ಕೆಗಾರರು 'ಒಳಗೊಳಗೆ ಏನೋ ಮಾಡಿಕೊಂಡಿದ್ದರು' ಎಂದಿದ್ದೀರಿ. ಏನು ಮಾಡಿಕೊಂಡಿದ್ದರು? ಆಧಾರ ಏನು? ಆಧಾರ ಇಲ್ಲದಿದ್ದರೆ ಅದು ಅಭಿಪ್ರಾಯ ಅಲ್ಲ, ಆರೋಪ. ಮಾನನಷ್ಟ ಮೊಕದ್ದಮೆ ಬಂದರೆ ಪತ್ರಿಕೆಯ ಜೊತೆ ನೀವೂ ನಿಲ್ಲಬೇಕಾಗುತ್ತದೆ. 'ಈ ಆಯ್ಕೆ ತಪ್ಪು, ಯಾಕೆಂದರೆ…' ಎಂದು ಎಷ್ಟು ಖಾರವಾಗಿ ಬೇಕಾದರೂ ಬರೆಯಿರಿ, ನಾನು ನಿಮ್ಮ ಜೊತೆ ಇರುತ್ತೇನೆ. ತೀರ್ಮಾನವನ್ನು ಟೀಕಿಸಿ. ಮನುಷ್ಯನ ಪ್ರಾಮಾಣಿಕತೆಯನ್ನು ಊಹೆಯ ಮೇಲೆ ಮುಟ್ಟಬೇಡಿ.

ಇನ್ನೊಂದು ಕಡೆ ಎದುರಾಳಿ ತಂಡದ ಅಭಿಮಾನಿಗಳು ಕುಡಿದು ಅಸಭ್ಯವಾಗಿ ನಡೆದುಕೊಂಡರು ಎಂದು 'ಕೇಳಿದ್ದೇನೆ' ಎಂದು ಬರೆದಿದ್ದೀರಿ. ಈ ಸಾಲು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್ ವೇಳೆ ಜನ ನೂಕುನುಗ್ಗಲಿಗೆ ಸಿಕ್ಕಿದರು. 97 ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ನಾಲ್ಕು ದಿನದ ಮೇಲೆ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಎಂಬ ತಲೆಬರಹದಡಿ, ಅಭಿಮಾನಿಗಳೇ ಸತ್ತವರ ಜೇಬಿಗೆ ಕೈ ಹಾಕಿದರು ಎಂದು ಬರೆಯಿತು. ಅದು ಸುಳ್ಳು. ಅದನ್ನು ತೋರಿಸಿಕೊಟ್ಟ ಸ್ವತಂತ್ರ ಸಮಿತಿಯ ವರದಿ ಬಂದದ್ದು 2012ರಲ್ಲಿ. ಅಭಿಮಾನಿಗಳ ನಡವಳಿಕೆ ದುರಂತಕ್ಕೆ ಕಾರಣ ಅಲ್ಲ, ಅದು ಕಾನೂನುಬಾಹಿರ ಹತ್ಯೆ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. ಅಷ್ಟು ವರ್ಷ ಆ ಕುಟುಂಬಗಳು ತಮ್ಮ ಮಕ್ಕಳ ಹೆಸರಿಗಾಗಿ ಹೋರಾಡಿದವು. 'ಯಾರೋ ಹೇಳಿದರು' ಎಂಬುದು ಅಚ್ಚಾದರೆ ಅಭಿಮಾನಿಗಳಿಗೆ ಏನಾಗಬಹುದು ಎಂದು ಅಭಿಮಾನಿಯಾದ ನೀವೇ ಮೊದಲು ಯೋಚಿಸಬೇಕು. ಕಣ್ಣಾರೆ ಕಂಡಿದ್ದರೆ ಬರೆಯಿರಿ. ಎಲ್ಲಿ, ಯಾವಾಗ, ಏನು ಕಂಡಿರಿ ಎಂದು ಬರೆಯಿರಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಕೋಟ್ಯಂತರ ಹೃದಯಗಳು ಚೂರುಚೂರಾದವು', 'ರೋಚಕ ಹಣಾಹಣಿ', 'ಕನಸು ನುಚ್ಚುನೂರು' ಇವೆಲ್ಲ ಸಾವಿರ ಸಲ ಅಚ್ಚಾಗಿವೆ. ಪಕ್ಕದ ಟೇಬಲ್ಲಿನವರು ನಿಮ್ಮ ಮುಖ ನೋಡಿ ಕೇಳಿದ ಆ ಒಂದು ಪ್ರಶ್ನೆಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ನೋವಿದೆ.

ಉದ್ದದ ಬಗ್ಗೆ ಮಾತ್ರ ಹೇಳಲೇಬೇಕು. ನಿಮ್ಮದು ಏಳು ಪುಟ. ವಾಚಕರ ಪತ್ರಗಳ ಅಂಕಣಕ್ಕೆ ನೂರು, ನೂರೈವತ್ತು ಪದ ಸಾಕು. ಲೇಖನ ಎಂದರೆ ಐನೂರರಿಂದ ಆರುನೂರು. ಅಷ್ಟರಲ್ಲಿ ಏನು ಹೇಳಲು ಆಗುತ್ತದೆ ಎಂದು ನಿಮಗೆ ಅನಿಸಬಹುದು. 1882ರ ಆಗಸ್ಟ್ 29ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಬರೀ 85 ರನ್ ಬೆನ್ನಟ್ಟಿ 77ಕ್ಕೆ ಔಟಾಯಿತು. ಆಸ್ಟ್ರೇಲಿಯಾದ ಸ್ಪಾಫರ್ತ್ ಆ ಪಂದ್ಯದಲ್ಲಿ 14 ವಿಕೆಟ್ ತೆಗೆದಿದ್ದರು. ಸೆಪ್ಟೆಂಬರ್ 2ರಂದು 'ದಿ ಸ್ಪೋರ್ಟಿಂಗ್ ಟೈಮ್ಸ್' ಪತ್ರಿಕೆಯಲ್ಲಿ ರೆಜಿನಾಲ್ಡ್ ಶರ್ಲಿ ಬ್ರೂಕ್ಸ್ ಎಂಬ ಪತ್ರಕರ್ತ ಒಂದು ಸಾವಿನ ಸುದ್ದಿ ಹಾಕಿದರು. ಇಂಗ್ಲಿಷ್ ಕ್ರಿಕೆಟ್ ಓವಲ್‌ನಲ್ಲಿ ತೀರಿಕೊಂಡಿತು, ದೇಹವನ್ನು ಸುಟ್ಟು ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದು ಎಂದು. ಕೆಲವೇ ಸಾಲು. ಎರಡು ದೇಶಗಳು ಇಂದಿಗೂ 'ಆ್ಯಷಸ್', ಅಂದರೆ ಬೂದಿ, ಎಂಬ ಹೆಸರಿನ ಸರಣಿ ಆಡುತ್ತಿರುವುದು ಆ ಸಾಲುಗಳ ಮೇಲೆ.

ದಿನಾಂಕಗಳನ್ನೂ ಗಮನಿಸಿ. ಪಂದ್ಯ ಮುಗಿದ ನಾಲ್ಕನೇ ದಿನಕ್ಕೆ ಅದು ಅಚ್ಚಾಗಿತ್ತು. ಈಗ ನಾಲ್ಕು ದಿನವೂ ತಡವೇ. ಪಂದ್ಯದ ಬಗ್ಗೆ ಬರೆಯುವುದಾದರೆ ಮರುದಿನ ಮಧ್ಯಾಹ್ನದೊಳಗೆ ನಮ್ಮ ಕೈಗೆ ಬರಬೇಕು. ಪಂದ್ಯದ ರಾತ್ರಿ ಕಳಿಸಬೇಡಿ, ಆಗ ಡೆಸ್ಕಿನವರು ಪುಟ ಮುಗಿಸುವ ಗಡಿಬಿಡಿಯಲ್ಲಿ ಇರುತ್ತಾರೆ, ಯಾರೂ ಮೇಲ್ ತೆರೆಯುವುದಿಲ್ಲ. 2019ರ ಪಂದ್ಯವನ್ನು ಈಗ ಯಾಕೆ ಎತ್ತುತ್ತಿದ್ದೀರಿ ಎಂಬುದಕ್ಕೆ ನಿಮ್ಮ ಲೇಖನದಲ್ಲಿ ಕಾರಣವೇ ಇಲ್ಲ. ಮೀಸಲು ದಿನದ ವಿಷಯಕ್ಕೆ ಆ ತೊಂದರೆ ಇಲ್ಲ. ಮುಂದಿನ ದೊಡ್ಡ ಟೂರ್ನಿಯ ವೇಳಾಪಟ್ಟಿ ಹೊರಬಂದ ದಿನ, ಇಲ್ಲವೇ ಮತ್ತೊಂದು ಮುಖ್ಯ ಪಂದ್ಯ ಮಳೆಗೆ ಸಿಕ್ಕಿದ ದಿನ, ಅದು ತಾನಾಗಿ ಇಂದಿನ ವಿಷಯ ಆಗುತ್ತದೆ. ಮೊದಲೇ ಬರೆದು ಸಿದ್ಧವಾಗಿಟ್ಟುಕೊಂಡಿರಿ. ಆ ದಿನ ಮೊದಲ ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ.

ಕಳಿಸುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಮೇಲ್‌ನ ಒಳಗೇ ಹಾಕಿ. ಈ ಸಲ ಬಂದದ್ದು ಕೈಬರಹದ ಪುಟಗಳ ಫೋಟೊ, ಅದರಲ್ಲಿ ಎರಡು ಅಲುಗಾಡಿವೆ. ಒಂದೇ ಲೇಖನವನ್ನು ಐದು ಪತ್ರಿಕೆಗೆ ಒಟ್ಟಿಗೆ ಕಳಿಸಬೇಡಿ. ಎರಡು ಕಡೆ ಒಂದೇ ದಿನ ಬಂದರೆ ಆಮೇಲೆ ಇಬ್ಬರೂ ನಿಮ್ಮ ಮೇಲ್ ತೆರೆಯಲು ಹಿಂಜರಿಯುತ್ತಾರೆ. ತಲೆಬರಹವನ್ನು ನಾವು ಬದಲಿಸಬಹುದು, ಜಾಗ ನೋಡಿ ಕೊನೆಯ ಪ್ಯಾರಾ ಕತ್ತರಿಸಲೂಬಹುದು. ಆದ್ದರಿಂದ ಮುಖ್ಯ ಮಾತನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅರ್ಥ ಬದಲಾಗುವಂಥ ತಿದ್ದುಪಡಿ ಬೇಕಿದ್ದರೆ ನಿಮ್ಮನ್ನು ಕೇಳಿಯೇ ಮಾಡುತ್ತೇವೆ.

ನಾಲ್ಕನೇ ಪುಟದ ಆ ಹನ್ನೆರಡು ಸಾಲನ್ನು ಈ ಪತ್ರದ ಜೊತೆ ಟೈಪ್ ಮಾಡಿಸಿ ಕಳಿಸುತ್ತಿದ್ದೇನೆ. ಅಲ್ಲಿಂದಲೇ ಶುರು ಮಾಡಿ. ಧೋನಿಯ ಕ್ರಮಾಂಕ ಬೇಡ, ಆಯ್ಕೆಗಾರರೂ ಬೇಡ. ಆರುನೂರು ಪದ ದಾಟಬೇಡಿ. ಮತ್ತೆ ನಿಮ್ಮ ಫೋನ್ ನಂಬರ್ ಬರೆಯಲು ಮರೆಯಬೇಡಿ, ಈ ಸಲ ಅದು ಎಲ್ಲೂ ಇರಲಿಲ್ಲ.

ವಿಶ್ವಾಸದಿಂದ,
ಸಂಪಾದಕ, ಕ್ರೀಡಾ ಪುಟ