ಸಂಪಾದಕರ ಉತ್ತರ: ‘ಭಯ ಆಗ್ತಿದೆ’ ಅಂದರೆ ಅಪನಂಬಿಕೆಯಾ?

ಪ್ರಿಯ ಸಹೋದರಿಯವರೇ, ಕರ್ತನ ಹೆಸರಿನಲ್ಲಿ ವಂದನೆಗಳು.

ಹೆಸರು, ಬಡಾವಣೆ ಯಾವುದನ್ನೂ ಹಾಕಬೇಡಿ ಎಂದು ಬರೆದಿದ್ದೀರಿ. ಹಾಕಿಲ್ಲ. ಬೆಂಗಳೂರು ಎಂದಷ್ಟೇ ಇರಲಿ. ಉಳಿದ ಓದುಗರಿಗೂ ವಿಷಯ ತಿಳಿಯಲಿ ಎಂದು ನಿಮ್ಮ ಉದ್ದದ ಪತ್ರವನ್ನು ಚಿಕ್ಕದು ಮಾಡಿ ಕೊಡುತ್ತಿದ್ದೇನೆ:

“ನಮ್ಮ ಯಜಮಾನರು ಆಟೋ ಓಡಿಸುತ್ತಿದ್ದರು. ಎರಡೂ ಕಿಡ್ನಿ ಕೆಟ್ಟು ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮಗಳು ಎಸ್ಸೆಸ್ಸೆಲ್ಸಿ. ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ ‘ನನಗೆ ತುಂಬಾ ಭಯ ಆಗ್ತಿದೆ, ಪ್ರಾರ್ಥನೆ ಮಾಡಿ’ ಎಂದೆ. ಅಕ್ಕ ಒಬ್ಬರು ಅಲ್ಲೇ ತಡೆದು, ‘ನೆಗೆಟಿವ್ ಮಾತು ಬೇಡ, ಬಾಯಲ್ಲಿ ಬಂದದ್ದೇ ಆಗುತ್ತೆ, ಗುಣ ಆಯ್ತು ಅಂತ ಹೇಳಿ’ ಎಂದರು. ಅವತ್ತಿನಿಂದ ಬಾಯಿ ಬಿಡೋಕೇ ಹೆದರಿಕೆ. ಯಜಮಾನರು ಆ ಮಾತು ನಂಬಿ ಕಳೆದ ವಾರ ಒಂದು ಡಯಾಲಿಸಿಸ್ ತಪ್ಪಿಸಿಬಿಟ್ಟರು. ನಾನಂತೂ ಕೂಟದಲ್ಲಿ ನಗುನಗುತ್ತಾ ಮಾತಾಡಿ, ಮನೆಗೆ ಬಂದು ಮಗಳ ಮೇಲೆ ರೇಗುತ್ತೇನೆ. ಕ್ರೈಸ್ತರು ಒಳ್ಳೆಯದನ್ನೇ ಮಾತಾಡಬೇಕು ಅಂದರೆ ಇದೇನಾ? ಇನ್ನು ಮುಂದೆ ಕೂಟಕ್ಕೆ ಹೋಗಲೋ ಬೇಡವೋ?”

ಮೊದಲು ಡಯಾಲಿಸಿಸ್ ವಿಷಯ. ಅದನ್ನು ತಪ್ಪಿಸಬೇಡಿ. ಒಂದು ಸಲವೂ ಬೇಡ. ಕಿಡ್ನಿ ಕೆಲಸ ಮಾಡದಿದ್ದಾಗ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ನೀರು ಶ್ವಾಸಕೋಶಕ್ಕೆ ತುಂಬಿದರೆ ಉಸಿರು ಕಟ್ಟುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ತಪ್ಪಿಸಿದ ದಿನದ ಬಗ್ಗೆ ಡಾಕ್ಟರ್ ಹತ್ತಿರ ಮುಚ್ಚಿಡದೆ ಹೇಳಿ. ಆಸ್ಪತ್ರೆಗೆ ಹೋಗುವುದರಿಂದ ನಂಬಿಕೆ ಕಡಿಮೆಯಾಗುವುದಿಲ್ಲ. ಅಪೊಸ್ತಲ ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಅವನ ಹೊಟ್ಟೆಯ ತೊಂದರೆಯನ್ನೂ ಪದೇ ಪದೇ ಬರುವ ಕಾಯಿಲೆಯನ್ನೂ ಹೆಸರಿಸಿಯೇ ಪತ್ರ ಬರೆದ, ಅದಕ್ಕೆ ಏನು ತೆಗೆದುಕೊಳ್ಳಬೇಕು ಅಂತಲೂ ಹೇಳಿದ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದೆ, ಅವನಿಗೆ ಹುಷಾರಿಲ್ಲ ಎಂದು ಬರೆದವನೂ ಅವನೇ. ಹಾಗೆ ಬರೆದದ್ದರಿಂದ ತ್ರೊಫಿಮನ ಕಾಯಿಲೆ ಜಾಸ್ತಿಯಾಗುತ್ತದೆ ಎಂದು ಪೌಲ ಹೆದರಲಿಲ್ಲ.

ಇನ್ನು ಆ ಅಕ್ಕನ ಮಾತು. ಅವರ ಮೇಲೆ ಕೋಪ ಬೇಡ. ನಮ್ಮ ಕನ್ನಡದ ಮನೆಗಳಲ್ಲಿ ಈ ಹೆದರಿಕೆ ತುಂಬಾ ಹಳೆಯದು. ಯಾರಾದರೂ ಅಪಶಕುನದ ಮಾತಾಡಿದರೆ ಅಜ್ಜಿಯಂದಿರು ‘ಬಿಡ್ತು ಅನ್ನು, ಬಿಡ್ತು ಅನ್ನು’ ಎನ್ನುತ್ತಿದ್ದರು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ‘ಅಸ್ತು’ ಅಂದುಬಿಟ್ಟರೆ ಆಗೇಹೋಯಿತು ಅಂತ. ಅಜ್ಜಿಯ ಆ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಅದೇ ಹೆದರಿಕೆ ಸಭೆಯೊಳಗೆ ಬಂದು, ಒಂದು ವಚನ ಹಿಡಿದುಕೊಂಡು, ನಂಬಿಕೆ ಅಂತ ಹೆಸರಿಟ್ಟುಕೊಂಡರೆ ಕಷ್ಟ. ನಮ್ಮ ತಂದೆಯಾದ ದೇವರು ಮಕ್ಕಳ ಬಾಯಿ ತಪ್ಪುವುದನ್ನೇ ಕಾಯುತ್ತಾ ಕೂತಿಲ್ಲ.

‘ಜೀವನ ಮರಣಗಳು ನಾಲಿಗೆಯ ವಶ’ ಎಂದು ಬೈಬಲಿನ ಜ್ಞಾನೋಕ್ತಿ 18ರಲ್ಲಿ ಇದೆಯಲ್ಲ ಎಂದು ಅವರು ಕೇಳಬಹುದು. ಇದೆ. ಆದರೆ ಆ ಅಧ್ಯಾಯವನ್ನು ಸುಮ್ನೆ ಒಂದು ಸಲ ಮೊದಲಿನಿಂದ ಓದಿ ನೋಡಿ. ಜಗಳ ಹಚ್ಚುವ ಬಾಯಿ, ಚಾಡಿ ಮಾತು, ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡುವ ಅವಸರ, ಇವೆಲ್ಲ ಅಲ್ಲಿ ಬರುತ್ತವೆ. ನಮ್ಮ ಮಾತು ಇನ್ನೊಬ್ಬರನ್ನು ಬದುಕಿಸಬಹುದು, ಕೊಲ್ಲಬಹುದು ಎಂಬುದು ಅಲ್ಲಿನ ವಿಷಯ. ‘ಗುಣ ಆಯ್ತು’ ಎಂದು ಬಾಯಲ್ಲಿ ಹೇಳಿದರೆ ಕಿಡ್ನಿ ಸರಿಯಾಗುತ್ತದೆ ಎಂದು ಅಲ್ಲಿ ಎಲ್ಲೂ ಇಲ್ಲ. ‘ಅರಿಕೆ ಮಾಡಿದ್ದೇ ಆಗುತ್ತದೆ’ ಎಂಬ ಬೋಧನೆ ಈಗಿನ ರೂಪಕ್ಕೆ ಬಂದದ್ದು ಅಮೆರಿಕದಲ್ಲಿ, ಇ. ಡಬ್ಲ್ಯೂ. ಕೆನ್ಯನ್ (1867–1948), ಕೆನೆತ್ ಹೇಗಿನ್ (1917–2003) ಅವರಂಥ ಬೋಧಕರ ಮೂಲಕ. ಅಪೊಸ್ತಲರ ಕಾಲದಿಂದ ಬಂದದ್ದೇನೂ ಅಲ್ಲ.

ಬೈಬಲಿನ ಕೀರ್ತನೆಗಳನ್ನು ನೋಡಿ. 150ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳಲು. ‘ಇನ್ನೆಷ್ಟು ಕಾಲ ಕರ್ತನೇ’ ಎಂದೇ 13ನೆಯದು ಶುರುವಾಗುತ್ತದೆ. 88ನೆಯದಂತೂ ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ದೇವರು ತನ್ನ ವಾಕ್ಯದಲ್ಲಿ ಇಟ್ಟಿದ್ದಾನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದು ಶಿಷ್ಯರ ಎದುರಿಗೇ ಹೇಳಿ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಶುಕ್ರವಾರ ನೀವು ಕೇಳಿದ್ದೂ ಅದನ್ನೇ ಅಲ್ವಾ?

‘ಯಾವಾಗಲೂ ಸಂತೋಷಿಸಿರಿ’ ಎಂದ ಫಿಲಿಪ್ಪಿ ಪತ್ರ ಸೆರೆಯಲ್ಲಿ ಕೂತು ಬರೆದದ್ದು ಎಂದು ನಮಗೆಲ್ಲ ಗೊತ್ತು. ಅದೇ ಪತ್ರದ 2ನೇ ಅಧ್ಯಾಯದಲ್ಲಿ, ಜೊತೆ ಕೆಲಸಗಾರ ಎಪಫ್ರೊದೀತ ಸಾಯುವ ಸ್ಥಿತಿಗೆ ಹೋಗಿದ್ದ, ಅವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದು ಪೌಲ ಬಿಚ್ಚಿ ಬರೆಯುತ್ತಾನೆ. ಸಂತೋಷವೂ ಸಂಕಟವೂ ಒಂದೇ ಕೈಬರಹದಲ್ಲಿ.

ಹಾಗಾದರೆ ಗೊಣಗಬಹುದಾ? ಇಲ್ಲ. ಗೊಣಗಬೇಡಿ ಎಂದೂ ಅದೇ ಪತ್ರ ಹೇಳುತ್ತದೆ. ವ್ಯತ್ಯಾಸ ಬೈಬಲಿನ ಅರಣ್ಯಕಾಂಡ 13, 14ರಲ್ಲಿ ಚೆನ್ನಾಗಿ ಕಾಣುತ್ತದೆ. ಕಾನಾನ್ ದೇಶ ನೋಡಿ ಬರಲು 12 ಜನ ಹೋದರು. ಹನ್ನೆರಡೂ ಜನ ಕಂಡದ್ದು ಅದೇ ಕೋಟೆ, ಅದೇ ದೈತ್ಯರು. ಹತ್ತು ಜನ ‘ಅವರ ಮುಂದೆ ನಾವು ಮಿಡತೆಗಳು’ ಎಂದರು, ಆ ರಾತ್ರಿ ಇಡೀ ಪಾಳೆಯ ಅತ್ತಿತು. ಯೆಹೋಶುವ, ಕಾಲೇಬ ಇಬ್ಬರೂ ಕೋಟೆಯೇ ಇಲ್ಲ ಎನ್ನಲಿಲ್ಲ. ಕರ್ತನು ನಮ್ಮ ಜೊತೆ ಇದ್ದಾನೆ, ಹೆದರಬೇಡಿ ಎಂದರು. ಹತ್ತು ಜನರ ಲೆಕ್ಕದಲ್ಲಿ ದೇವರು ಬಿಟ್ಟುಹೋಗಿದ್ದ, ಇವರ ಲೆಕ್ಕದಲ್ಲಿ ಇದ್ದ. ನಿಮ್ಮ ‘ಭಯ ಆಗ್ತಿದೆ, ಪ್ರಾರ್ಥನೆ ಮಾಡಿ’ ಎಂಬ ಮಾತಿನಲ್ಲಿ ದೇವರು ಇದ್ದಾನೆ. ಅದನ್ನು ಗೊಣಗಾಟ ಎನ್ನಲು ನನ್ನಿಂದಾಗದು.

ಮಾತು ಒಳ್ಳೆಯದೋ ಅಲ್ಲವೋ ಎಂದು ನೋಡಲು ಎಫೆಸ 4:29ರ ಅಳತೆ ನನಗೆ ಸಾಕು. ಕೇಳುವವರಿಗೆ ಹಿತವಾಗುವ, ಹೊತ್ತಿಗೆ ತಕ್ಕ ಮಾತಾಡಿ ಎನ್ನುತ್ತದೆ ಅದು. ಆಡುವವರ ಬಾಯಿ ಎಷ್ಟು ಪಾಸಿಟಿವ್ ಆಗಿದೆ ಎಂದಲ್ಲ, ಕೇಳಿದವರಿಗೆ ಏನು ಸಿಕ್ಕಿತು ಎಂಬುದು ಅಲ್ಲಿ ಮುಖ್ಯ.

ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಒಬ್ಬರು ಎಳನೀರು ಹಿಡಿದುಕೊಂಡು ಬಂದರು. ‘ಕುಡೀರಿ ಬ್ರದರ್, ಏನೂ ಆಗಲ್ಲ, ನಂಬಿಕೆ ಇರಲಿ’ ಎಂದು ಜೋರಾಗಿ ಪ್ರಾರ್ಥಿಸಿ ಹೊರಟರು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಕೊಡಬಾರದು. ನರ್ಸ್ ಬಂದು ಅದನ್ನು ಎತ್ತಿಟ್ಟರು. ಆಮೇಲೆ ಸಭೆಯ ಹಿರಿಯರೊಬ್ಬರು ಬಂದು ಸ್ಟೂಲ್ ಎಳೆದುಕೊಂಡು ಕೂತರು. ‘ಇವತ್ತು ಎಷ್ಟು ಕೆ.ಜಿ. ನೀರು ತೆಗೀತಾರಂತೆ?’ ಎಂದು ಕೇಳಿದರು. ‘ಎರಡೂವರೆ, ಅಂಕಲ್.’ ‘ಕೈ ನೋಯುತ್ತಾ?’ ‘ಸೂಜಿ ಚುಚ್ಚುವಾಗ ಮಾತ್ರ.’ ಹಿರಿಯರು ತಲೆಯಾಡಿಸಿದರು. ಆಮೇಲೆ ರೋಗಿಯ ಹೆಂಡತಿಯ ಕಡೆ ತಿರುಗಿ, ‘ನೀನು ಹೋಗಿ ಊಟ ಮಾಡ್ಕೊಂಡು ಬಾಮ್ಮ, ಮುಗಿಯೋವರೆಗೂ ನಾನಿರ್ತೀನಿ’ ಎಂದರು. ಬಾಯಿಬಿಟ್ಟು ಒಂದು ವಚನ ಹೇಳಲಿಲ್ಲ. ಆದರೆ ಆ ರೋಗಿಯ ಮುಖ ಅಷ್ಟೊತ್ತಿಗೆ ಎಷ್ಟು ಸಡಿಲಾಗಿತ್ತು ಎಂಬುದನ್ನು ನಾನು ಮರೆತಿಲ್ಲ.

ಈಗ ಮಗಳ ವಿಷಯ. ಇದನ್ನು ಸ್ವಲ್ಪ ಖಡಾಖಂಡಿತವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಡೀ ದಿನ ಲೈನ್‌ನಲ್ಲಿ ಸೂಪರ್‌ವೈಸರ್ ‘ಪೀಸ್ ಎಷ್ಟಾಯ್ತು? ಟಾರ್ಗೆಟ್ ಯಾಕಾಗಿಲ್ಲ? ಪಕ್ಕದವಳನ್ನ ನೋಡು’ ಎನ್ನುವುದನ್ನು ಕೇಳಿ ಬರುತ್ತೀರಿ. ನೀವು ಮಗಳಿಗೆ ಹೇಳಿದ್ದಾಗಿ ಬರೆದ ಮಾತು ನೋಡಿ: ‘ಮಾರ್ಕ್ಸ್ ಎಷ್ಟು ಬಂತು? ಇಷ್ಟೇನಾ? ಪಕ್ಕದ್ಮನೆಯವಳನ್ನ ನೋಡು.’ ನಿಮಗೆ ನೋವು ಕೊಡುವ ಮಾತೇ ನಿಮ್ಮ ಬಾಯಿಂದ ಮಗುವಿಗೆ ಹೋಗುತ್ತಿದೆ. ಅಪ್ಪ ಆಸ್ಪತ್ರೆಯಲ್ಲಿ, ಅಮ್ಮ ಫ್ಯಾಕ್ಟರಿಯಲ್ಲಿ, ಬೋರ್ಡ್ ಪರೀಕ್ಷೆ ಎದುರಿಗೆ. ಅವಳಿಗೂ ಭಯ ಇರುತ್ತದೆ. ‘ನನಗೆ ಭಯ ಆಗ್ತಿದೆ ಅಮ್ಮ’ ಎನ್ನಲು ಅವಳಿಗೆ ಮನೆಯಲ್ಲಿ ಜಾಗ ಇದೆಯಾ?

ಕೆಲಸದಿಂದ ಬಂದ ಮೇಲೆ ಮೊದಲ ಹತ್ತು ನಿಮಿಷ ಮಾರ್ಕ್ಸ್ ಮಾತೇ ಎತ್ತಬೇಡಿ. ‘ಊಟ ಮಾಡಿದ್ಯಾ? ಇವತ್ತು ಯಾವುದು ಕಷ್ಟ ಆಯ್ತು?’ ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೂ ಸುಮ್ಮನಿರಿ. ಯೇಸುಸ್ವಾಮಿ ಶಿಲುಬೆಯಲ್ಲಿ ಸತ್ತು ಎದ್ದ ದಿನ ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ ಇಬ್ಬರು ಶಿಷ್ಯರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದಾಗ ಅವರು ಜೊತೆಗೆ ಬಂದು ಏನಾಯಿತು ಎಂದು ಕೇಳಿದರು. ನಡೆದದ್ದೆಲ್ಲ ತನ್ನ ಮೈಮೇಲೇ ನಡೆದಿದ್ದರೂ ಕೇಳಿದರು. ಶಿಷ್ಯರು ತಮ್ಮ ನಿರಾಶೆಯನ್ನೆಲ್ಲ ಹೇಳಿಕೊಂಡ ಮೇಲೆಯೇ ಯೇಸುಸ್ವಾಮಿ ಶಾಸ್ತ್ರ ತೆರೆದರು. ಮಾತಾಡುವ ಮೊದಲು ಕೇಳುವುದನ್ನು ನಾವು ಅವರಿಂದಲೇ ಕಲಿಯಬೇಕು.

ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಪ್ರಾರ್ಥನೆ ಜೊತೆಗೆ ಡಾಕ್ಟರ್ ಸಹಾಯವನ್ನೂ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಡಯಾಲಿಸಿಸ್‌ಗೆ ಅವಕಾಶ ಇದೆ. ಈಗ ದುಡ್ಡು ಕೊಡುತ್ತಿದ್ದರೆ ಆಸ್ಪತ್ರೆಯಲ್ಲಿ ವಿಚಾರಿಸಿ.

ಕೂಟಕ್ಕೆ ಹೋಗಲೋ ಬೇಡವೋ ಎಂದಿರಿ. ಹೋಗಿ. ಒಬ್ಬರೇ ಮನೆಯಲ್ಲಿ ಕೂತು ಈ ಭಾರ ಹೊರುವುದು ಬೇಡ. ಶುಕ್ರವಾರ ಹೀಗೆ ಹೇಳಿ: ‘ಯಜಮಾನರಿಗೆ ಹುಷಾರಿಲ್ಲ. ನನಗೆ ಭಯ ಇದೆ. ದೇವರು ನಮ್ಮನ್ನ ಕೈಬಿಡಲ್ಲ ಅಂತ ನಂಬಿದ್ದೀನಿ. ಗುಣ ಮಾಡು ಅಂತ ಕೇಳ್ತಿದ್ದೀನಿ, ನೀವೂ ಕೇಳಿ.’ ಯಾರಾದರೂ ತಡೆದರೆ, ಜಗಳ ಬೇಡ, 88ನೇ ಕೀರ್ತನೆಯನ್ನು ಎಲ್ಲರೂ ಸೇರಿ ಒಂದು ಸಲ ಓದೋಣ ಎನ್ನಿ. ಆಮೇಲೆ ಆ ಅಕ್ಕನನ್ನೇ ಕರೆಯಿರಿ: ‘ಅಕ್ಕ, ಮಂಗಳವಾರ ನನಗೆ ರಜೆ ಸಿಗ್ತಿಲ್ಲ, ನಾಲ್ಕು ಗಂಟೆ ಹೊತ್ತು ಇವರ ಜೊತೆ ಆಸ್ಪತ್ರೆಯಲ್ಲಿ ಇರ್ತೀರಾ?’ ಅವರು ಒಪ್ಪುತ್ತಾರೆ ಎಂದೇ ನನಗನ್ನಿಸುತ್ತದೆ. ಎಳನೀರು ತರಬೇಡಿ ಎಂದು ಮೊದಲೇ ಹೇಳಿಬಿಡಿ.

— ಸಂಪಾದಕರು